ಉಪ್ಪನ್ನು ಎಳೆಯುವುದೋ, ನೀರನ್ನು ತಳ್ಳುವುದೋ

ಸಿಂಗಪುರದ ಸುತ್ತ ಸಮುದ್ರವಿದೆ, ಒಳಗೆ ಹೇಳಿಕೊಳ್ಳುವಂಥ ನದಿಯಿಲ್ಲ. ಅಲ್ಲಿನ ಕುಡಿಯುವ ನೀರಿನ ದೊಡ್ಡ ಪಾಲು ಪಕ್ಕದ ಮಲೇಷ್ಯಾದ ಜೊಹೋರ್ ಪ್ರಾಂತ್ಯದಿಂದ ಕೊಳವೆಯಲ್ಲಿ ಬರುತ್ತದೆ. ಅದಕ್ಕೆ ಆಧಾರವಾದ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಆ ದಿನ ಬರುವ ಮೊದಲೇ ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂದು ಹೊರಟ ಆ ಪುಟ್ಟ ದೇಶ 2005ರಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ತನ್ನ ಮೊದಲ ಸ್ಥಾವರವನ್ನು ತೆರೆಯಿತು. ನೀರು ಸಿಕ್ಕಿತು, ಆದರೆ ಅದರ ಹಿಂದೆ ಕರೆಂಟಿನ ಲೆಕ್ಕವೂ ಬಂತು. ಕೆಲವು ವರ್ಷದ ನಂತರ ಸಿಂಗಪುರ ಜಗತ್ತಿನ ಕಂಪನಿಗಳ ಮುಂದೆ ಒಂದು ಸವಾಲು ಇಟ್ಟಿತು: ಸಮುದ್ರದ ನೀರನ್ನು ಈಗ ಬೇಕಾಗುವ ಶಕ್ತಿಯ ಅರ್ಧದೊಳಗೆ, ಸಾವಿರ ಲೀಟರಿಗೆ ಸುಮಾರು ಒಂದೂವರೆ ಯೂನಿಟ್‌ನಲ್ಲಿ, ಕುಡಿಯುವ ನೀರಾಗಿಸಿ ತೋರಿಸಿ.

ಸವಾಲನ್ನು ಗೆದ್ದದ್ದು ಸೀಮೆನ್ಸ್. ಅದು ತಂದ ಉಪಾಯದಲ್ಲಿ ಭಾರೀ ಒತ್ತಡದ ಪಂಪ್ ಇರಲಿಲ್ಲ. ಎರಡು ತುದಿಯಲ್ಲಿ ವಿದ್ಯುದ್ವಾರಗಳು, ಅಂದರೆ ಎಲೆಕ್ಟ್ರೋಡ್‌ಗಳು; ನಡುವೆ ಸಾಲಾಗಿ ಜೋಡಿಸಿದ ಪೊರೆಗಳು; ಪೊರೆಗಳ ನಡುವೆ ಹರಿಯುವ ಸಮುದ್ರದ ನೀರು. ವಿದ್ಯುತ್ ಹರಿದಾಗ ಉಪ್ಪು ಪೊರೆ ದಾಟಿ ಪಕ್ಕಕ್ಕೆ ಸರಿಯುತ್ತದೆ, ನೀರು ಇದ್ದಲ್ಲೇ ಸಪ್ಪೆಯಾಗುತ್ತದೆ. ದಿನಕ್ಕೆ ಐವತ್ತು ಸಾವಿರ ಲೀಟರ್ ಸಂಸ್ಕರಿಸುವ ಪ್ರಾಯೋಗಿಕ ಘಟಕದಲ್ಲಿ ಸಾವಿರ ಲೀಟರಿಗೆ 1.8 ಯೂನಿಟ್ ಸಾಕೆಂದು ಕಂಪನಿ ಹೇಳಿತು. ಪತ್ರಿಕೆಗಳು ಇದನ್ನು ಹೊಸ ಯುಗವೆಂದು ಬರೆದವು.

ಆದರೆ 2013ರಲ್ಲಿ, 2018ರಲ್ಲಿ, 2020ರಲ್ಲಿ, 2022ರಲ್ಲಿ ಸಿಂಗಪುರ ಕಟ್ಟಿ ತೆರೆದ ದೊಡ್ಡ ಸ್ಥಾವರಗಳೆಲ್ಲವೂ ಒತ್ತಡ ಹಾಕಿ ನೀರನ್ನು ಪೊರೆ ದಾಟಿಸುವ ಹಳೆಯ ಆರ್‌ಓ ವಿಧಾನದವೇ. ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆಂದು ತೋರಿಸಿಯೂ ವಿದ್ಯುದ್ವಾರದ ದಾರಿ ಸಮುದ್ರದಲ್ಲಿ ಯಾಕೆ ಗೆಲ್ಲಲಿಲ್ಲ? ಸಮುದ್ರದಲ್ಲಿ ಗೆಲ್ಲದಿದ್ದರೆ ಅದು ಎಲ್ಲಿ ಗೆಲ್ಲಬಲ್ಲದು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ದಾರಿ ಪಾವಗಡ, ಕೋಲಾರಗಳ ಕೊಳವೆಬಾವಿಯವರೆಗೂ ಬರುತ್ತದೆ.

ಮೊದಲು ಪ್ರಕೃತಿ ಹಾಕಿಟ್ಟ ಗೆರೆಯನ್ನು ನೋಡಬೇಕು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಉಪ್ಪು ನೀರಿನಲ್ಲಿ ತಾನಾಗಿ ಕರಗುತ್ತದೆ, ತಾನಾಗಿ ಬೇರೆಯಾಗುವುದಿಲ್ಲ. ಬೇರೆ ಮಾಡಲು ಶಕ್ತಿ ತೆರಬೇಕು. ತೆರಬೇಕಾದ ಕನಿಷ್ಠ ಶಕ್ತಿ ಎಷ್ಟೆಂಬುದು ಬಳಸುವ ಯಂತ್ರದ ಮೇಲೆ ನಿಂತಿಲ್ಲ. ಕುದಿಸಿ, ಹಿಂಡಿ, ಹೆಪ್ಪುಗಟ್ಟಿಸಿ, ಕರೆಂಟು ಹಾಯಿಸಿ, ಕನಿಷ್ಠ ಒಂದೇ. ಅಪಾರ ಸಮುದ್ರದಿಂದ ತುಸು ಸಿಹಿನೀರನ್ನು ಮಾತ್ರ ತೆಗೆಯುವುದಾದರೆ ಸಾವಿರ ಲೀಟರಿಗೆ ಮುಕ್ಕಾಲು ಯೂನಿಟ್‌ನ ಆಸುಪಾಸು. ಒಳತಂದ ನೀರಿನಲ್ಲಿ ಅರ್ಧವನ್ನು ಸಿಹಿಯಾಗಿಸಬೇಕೆಂದರೆ ಉಳಿದ ಅರ್ಧ ಹೆಚ್ಚು ಹೆಚ್ಚು ಉಪ್ಪಾಗುತ್ತಾ ಹೋಗುವುದರಿಂದ ಕನಿಷ್ಠವೇ 1.06 ಯೂನಿಟ್‌ಗೆ ಏರುತ್ತದೆ. ನಾಳೆ ಎಂಥ ಅದ್ಭುತ ಪದಾರ್ಥ ಕಂಡುಹಿಡಿದರೂ ಈ ಗೆರೆಯ ಕೆಳಗೆ ಇಳಿಯುವುದು ಆಗದು. ಇದಕ್ಕಿಂತ ಕಡಿಮೆಯೆಂದು ಹೇಳಿಕೊಳ್ಳುವ ಯಾವುದೇ ಸುದ್ದಿಯಲ್ಲಿ ಉಪ್ಪನ್ನು ಪೂರ್ತಿ ತೆಗೆದಿರುವುದಿಲ್ಲ, ಇಲ್ಲವೇ ಯಾವುದೋ ಖರ್ಚನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕುದಿಸಿ ಆವಿ ಹಿಡಿಯುವ ದಾರಿ ಈ ಗೆರೆಯಿಂದ ಬಹುದೂರ. ಸಾವಿರ ಲೀಟರ್ ನೀರನ್ನು ಒಮ್ಮೆ ಆವಿಯಾಗಿಸಲು ಆರುನೂರು ಯೂನಿಟ್‌ಗೂ ಮೀರಿದ ಶಾಖ ಬೇಕು. ಕೊಲ್ಲಿ ದೇಶಗಳ ಹಳೆಯ ಸ್ಥಾವರಗಳು ಒಂದು ಹಂತದ ಶಾಖವನ್ನು ಮುಂದಿನ ಹಂತಕ್ಕೆ ಮತ್ತೆ ಮತ್ತೆ ಬಳಸಿ ಖರ್ಚನ್ನು ತಗ್ಗಿಸಿಕೊಂಡವು. ಪಕ್ಕದಲ್ಲೇ ತೈಲವೂ ವಿದ್ಯುತ್ ಸ್ಥಾವರವೂ ಇದ್ದುದರಿಂದ ಅದು ನಡೆಯಿತು. ನಮ್ಮಲ್ಲಿ ಕಲ್ಪಾಕ್ಕಂನ ಅಣುವಿದ್ಯುತ್ ಕೇಂದ್ರದ ಪಕ್ಕ ಭಾಭಾ ಅಣು ಸಂಶೋಧನಾ ಕೇಂದ್ರ ಕಟ್ಟಿದ ಸ್ಥಾವರ ಆವಿ ಮತ್ತು ಆರ್‌ಓ ಎರಡನ್ನೂ ಬಳಸುತ್ತದೆ. ಲಕ್ಷದ್ವೀಪದ ಕವರಟ್ಟಿಯಲ್ಲಿ 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮಾಡಿದ್ದು ಇನ್ನೂ ಸೊಗಸಾದ ಕೆಲಸ: ಮೇಲ್ಪದರದ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣನೆಯ ನೀರಿನಿಂದ ಅದನ್ನು ತಣಿಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ. ದಡದ ಹತ್ತಿರವೇ ಕಡಲು ಆಳಕ್ಕಿಳಿಯುವ ದ್ವೀಪಗಳಿಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಕರಾವಳಿಯಲ್ಲಿ ಕಡಲು ಬಹುದೂರದವರೆಗೆ ಆಳವಿಲ್ಲದೆಯೇ ಇರುವುದರಿಂದ ಇಲ್ಲಿಗೆ ಒಗ್ಗುವುದಿಲ್ಲ.

ಇನ್ನು ಆರ್‌ಓ. ಪೊರೆಯ ಒಂದು ಬದಿ ಉಪ್ಪುನೀರು, ಇನ್ನೊಂದು ಬದಿ ಸಿಹಿನೀರು ಇದ್ದರೆ ಸಹಜವಾಗಿ ಸಿಹಿನೀರು ಉಪ್ಪಿನ ಕಡೆಗೆ ಹರಿಯುತ್ತದೆ. ಸಮುದ್ರದ ನೀರಿನ ವಿಷಯದಲ್ಲಿ ಈ ಸೆಳೆತ ಸುಮಾರು 27 ಬಾರ್, ಅಂದರೆ ವಾತಾವರಣದ ಒತ್ತಡದ ಇಪ್ಪತ್ತೇಳರಷ್ಟು. ಅದಕ್ಕಿಂತ ಹೆಚ್ಚು ಒತ್ತಡವನ್ನು ಉಪ್ಪಿನ ಕಡೆಯಿಂದ ಹಾಕಿದರೆ ನೀರು ಹಿಮ್ಮುಖವಾಗಿ ಹರಿದು ಪೊರೆ ದಾಟುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಈ ತತ್ವ ಮೊದಲಿನಿಂದ ಗೊತ್ತಿತ್ತು. ಒತ್ತಡ ತಡೆದು, ಉಪ್ಪನ್ನೂ ತಡೆದು, ನೀರನ್ನು ಮಾತ್ರ ಸಾಕಷ್ಟು ವೇಗವಾಗಿ ಬಿಡುವ ಪೊರೆ ಇರಲಿಲ್ಲ. 1950ರ ದಶಕದ ಕೊನೆಗೆ ಫ್ಲೋರಿಡಾ ವಿಶ್ವವಿದ್ಯಾಲಯದ ಚಾರ್ಲ್ಸ್ ರೀಡ್ ಅವರ ತಂಡ ಸೆಲ್ಯುಲೋಸ್ ಅಸಿಟೇಟ್ ಪೊರೆ ಉಪ್ಪನ್ನು ತಡೆಯುವುದನ್ನು ಕಂಡಿತು, ಆದರೆ ನೀರು ತೊಟ್ಟಿಕ್ಕುವಷ್ಟು ಮಾತ್ರ ಬರುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸೇರಿ ಅದೇ ಪದಾರ್ಥವನ್ನು ಹೊಸ ರೀತಿಯಲ್ಲಿ ಎರಕ ಹೊಯ್ದರು: ಮೇಲೆ ಅತಿ ತೆಳುವಾದ ಬಿಗಿ ಪದರ, ಕೆಳಗೆ ರಂಧ್ರಗಳಿರುವ ದಪ್ಪ ಆಸರೆ. ಕ್ಯಾಲಿಫೋರ್ನಿಯಾದ ಕೊಲಿಂಗಾ ಊರಿನಲ್ಲಿ 1965ರಲ್ಲಿ ಆರ್‌ಓ ನೀರು ಮೊದಲ ಬಾರಿಗೆ ಊರಿನ ನಲ್ಲಿಗೆ ಬಂತು. ಆಮೇಲೆ ಅಮೆರಿಕದ ಜಾನ್ ಕ್ಯಾಡಟ್ ಆಸರೆಯ ಮೇಲೆಯೇ ಪಾಲಿಅಮೈಡ್‌ನ ಅತಿ ತೆಳುಪದರ ಬೆಳೆಸುವ ವಿಧಾನ ಕಂಡುಹಿಡಿದರು. ಇವತ್ತು ಮನೆಯ ಅಡುಗೆಮನೆಯಲ್ಲಿ ಗೋಡೆಗೆ ತೂಗುವ ಫಿಲ್ಟರ್‌ನಲ್ಲಿ ಇರುವುದೂ, ಚೆನ್ನೈಗೆ ನೀರು ಕೊಡುವ ಮಿಂಜೂರು, ನೆಮ್ಮೇಲಿ ಸ್ಥಾವರಗಳಲ್ಲಿ ಇರುವುದೂ ಆ ಕುಲದ ಪೊರೆಯೇ.

ಪೊರೆಗೆ ಸಿಕ್ಕಷ್ಟು ಹೆಸರು ಸಿಗದ ಇನ್ನೊಂದು ಸುಧಾರಣೆಯೂ ಇದೆ, ನನ್ನ ದೃಷ್ಟಿಯಲ್ಲಿ ಆರ್‌ಓವನ್ನು ಗೆಲ್ಲಿಸಿದ್ದು ಅದು. ಪೊರೆ ದಾಟದೆ ಉಳಿದ ಗಟ್ಟಿ ಉಪ್ಪುನೀರು ಹೊರಬರುವಾಗಲೂ ಬಹುಪಾಲು ಒತ್ತಡವನ್ನು ಉಳಿಸಿಕೊಂಡಿರುತ್ತದೆ. ಮೊದಮೊದಲು ಅದನ್ನು ಸುಮ್ಮನೆ ಹೊರಬಿಡುತ್ತಿದ್ದರು. ನಂತರ ಅದರಿಂದ ಟರ್ಬೈನ್ ತಿರುಗಿಸಿದರು. ಕೊನೆಗೆ ಬಂದದ್ದು ಒತ್ತಡ ವಿನಿಮಯ ಸಾಧನ: ತಿರುಗುವ ಪಿಂಗಾಣಿಯ ಕೊಳವೆಗಳಲ್ಲಿ ಹೊರಹೋಗುವ ನೀರು ತನ್ನ ಒತ್ತಡವನ್ನು ಒಳಬರುವ ನೀರಿಗೆ ನೇರವಾಗಿ ದಾಟಿಸುತ್ತದೆ, ನಷ್ಟ ನೂರಕ್ಕೆ ಐದರ ಆಸುಪಾಸು. 1970ರ ದಶಕದಲ್ಲಿ ಸಾವಿರ ಲೀಟರಿಗೆ ಹದಿನೈದು ಯೂನಿಟ್ ಮೀರಿ ಬೇಕಾಗುತ್ತಿದ್ದ ಆರ್‌ಓ ಹಂತ ಈಗ ಎರಡರ ಆಸುಪಾಸಿಗೆ ಇಳಿದಿದೆ. ಒಂದೇ ಒತ್ತಡದಲ್ಲಿ ಅರ್ಧ ನೀರನ್ನು ತೆಗೆಯುವ ಆರ್‌ಓಗೆ ತತ್ವದ ಪ್ರಕಾರವೇ 1.56 ಯೂನಿಟ್ ಬೇಕು. ಅಂದರೆ ಹಿಂಡಿ ಉಳಿಸಲು ಇನ್ನು ಹೆಚ್ಚೇನೂ ಉಳಿದಿಲ್ಲ.

ಕ್ಯಾಲಿಫೋರ್ನಿಯಾದ ಪೋರ್ಟ್ ಹ್ವಾನೀಮಿಯಲ್ಲಿ ಅಮೆರಿಕದ ನೌಕಾಪಡೆಯ ಪರೀಕ್ಷಾ ಕೇಂದ್ರದಲ್ಲಿ 2006ರ ಸುಮಾರಿಗೆ ಮಾರುಕಟ್ಟೆಯಲ್ಲಿ ಸಿಗುವ ಪೊರೆ, ಪಂಪ್, ಒತ್ತಡ ವಿನಿಮಯ ಸಾಧನಗಳನ್ನೇ ಜೋಡಿಸಿ ಒಂದು ತಂಡ ಆರ್‌ಓ ಹಂತವನ್ನು 1.58 ಯೂನಿಟ್‌ನಲ್ಲಿ ನಡೆಸಿತ್ತು. ಸಿಂಗಪುರ ಸವಾಲು ಹಾಕುವುದಕ್ಕೂ ಮೊದಲು! ಅದು ನಿಧಾನವಾಗಿ, ಕಡಿಮೆ ಹರಿವಿನಲ್ಲಿ, ಹೆಚ್ಚು ಪೊರೆ ಬಳಸಿ ಪಡೆದ ಅಂಕಿ. ವ್ಯಾಪಾರಕ್ಕೆ ನಿಂತ ಸ್ಥಾವರ ಹಾಗೆ ನಡೆಸುವುದಿಲ್ಲ. ಆದರೂ ಹೊಸ ತಂತ್ರಜ್ಞಾನ ಎದುರಿಸಬೇಕಾದ ಎದುರಾಳಿ ಯಾರೆಂಬುದು ಇದರಿಂದ ಗೊತ್ತಾಗುತ್ತದೆ. ಸೀಮೆನ್ಸ್‌ನ 1.8ನ್ನು ಇಡೀ ಆರ್‌ಓ ಸ್ಥಾವರದ ಮೂರೂವರೆ ಯೂನಿಟ್‌ಗೆ ಹೋಲಿಸಿದರೆ ಅರ್ಧ. ಆರ್‌ಓ ಹಂತ ಒಂದಕ್ಕೇ ಹೋಲಿಸಿದರೆ ಅಂತರ ತೀರಾ ಸಣ್ಣದು. ಈ ಕ್ಷೇತ್ರದಲ್ಲಿ ಅಂಕಿಗಳನ್ನು ಓದುವವರು ಮೊದಲು ಕೇಳಬೇಕಾದದ್ದು, ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಎಂದು.

ಈಗ ಉಪ್ಪನ್ನು ಎಳೆಯುವವರ ಕಡೆಗೆ ಬರೋಣ. ಅವರ ವಾದ ಮನಸ್ಸಿಗೆ ಹಿಡಿಸುವಂಥದ್ದು. ಸಾವಿರ ಲೀಟರ್ ಸಮುದ್ರದ ನೀರಿನಲ್ಲಿ ಉಪ್ಪಿರುವುದು ಮೂವತ್ತೈದು ಕಿಲೋ. ಇಷ್ಟು ಉಪ್ಪಿಗಾಗಿ ಅಷ್ಟೊಂದು ನೀರನ್ನು ಪೊರೆಯ ಮೂಲಕ ನುಗ್ಗಿಸುವುದೇಕೆ, ಉಪ್ಪನ್ನೇ ಹೊರಗೆಳೆದರಾಯಿತಲ್ಲ? ಕರಗಿದ ಉಪ್ಪು ವಿದ್ಯುದಾವೇಶವುಳ್ಳ ಅಯಾನುಗಳಾಗಿ ಒಡೆದಿರುತ್ತದೆ. ಸೋಡಿಯಂ ಧನ, ಕ್ಲೋರೈಡ್ ಋಣ. ವಿದ್ಯುದ್ವಾರಗಳನ್ನು ಇಟ್ಟರೆ ಒಂದು ಇತ್ತ, ಇನ್ನೊಂದು ಅತ್ತ ಹೊರಡುತ್ತದೆ. ಧನ ಅಯಾನುಗಳನ್ನು ಮಾತ್ರ ಬಿಡುವ ಪೊರೆ, ಋಣ ಅಯಾನುಗಳನ್ನು ಮಾತ್ರ ಬಿಡುವ ಪೊರೆ ಎರಡನ್ನೂ ಒಂದಾದ ಮೇಲೊಂದು ಜೋಡಿಸಿದರೆ ಒಂದು ಕೋಣೆಯ ನೀರು ಸಪ್ಪೆಯಾಗುತ್ತದೆ, ಪಕ್ಕದ ಕೋಣೆಯದು ಗಟ್ಟಿ ಉಪ್ಪುನೀರಾಗುತ್ತದೆ. ಇದಕ್ಕೆ ಎಲೆಕ್ಟ್ರೋಡಯಾಲಿಸಿಸ್ ಎಂದು ಹೆಸರು. 1950ರಲ್ಲಿ ವಾಲ್ಟರ್ ಜೂಡಾ ಮತ್ತು ವೇನ್ ಮೆಕ್‌ರೇ ಬಳಸಬಹುದಾದ ಅಯಾನು ವಿನಿಮಯ ಪೊರೆಗಳನ್ನು ತಯಾರಿಸಿದ ಮೇಲೆ ಇದು ಪ್ರಯೋಗಶಾಲೆಯಿಂದ ಹೊರಬಂತು. ಆರ್‌ಓ ಮೊದಲು ನಲ್ಲಿಗೆ ಬಂದ ಅದೇ ಕೊಲಿಂಗಾಕ್ಕೆ ಆರ್‌ಓಗಿಂತ ಕೆಲವು ವರ್ಷ ಮೊದಲೇ ಎಲೆಕ್ಟ್ರೋಡಯಾಲಿಸಿಸ್ ಬಂದಿತ್ತು. ಎರಡೂ ಸಮವಯಸ್ಕ ತಂತ್ರಜ್ಞಾನಗಳು. ವಿದ್ಯುದ್ವಾರದ ದಾರಿ ಹೊಸದು, ಇನ್ನೂ ಬೆಳೆಯಬೇಕಾದದ್ದು ಎಂಬ ಮಾತು ಅರ್ಧಸತ್ಯ.

ಗೆಲುವು ಸೋಲಿನ ಗುಟ್ಟು ಒಂದು ಸಣ್ಣ ಗುಣಾಕಾರದಲ್ಲಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 0.6 ಮೋಲ್ ಉಪ್ಪಿದೆ, ಸಾವಿರ ಲೀಟರಿನಲ್ಲಿ 600 ಮೋಲ್. ಒಂದು ಮೋಲ್ ಉಪ್ಪನ್ನು ಸರಿಸಲು 96,485 ಕೂಲಂಬ್ ಆವೇಶ ಬೇಕೆಂಬುದು ಫ್ಯಾರಡೆ ಕಾಲದಿಂದ ಬಂದ ನಿಯಮ. ಗುಣಿಸಿ ನೋಡಿದರೆ ಒಂದು ವೋಲ್ಟ್‌ನಲ್ಲಿ ಕೆಲಸ ನಡೆಸಿದಾಗ ಹದಿನಾರು ಯೂನಿಟ್ ತಗಲುತ್ತದೆ. ಇದು ಆರ್‌ಓಗೆ ಹೋಲಿಸಿದರೆ ಎಲ್ಲೋ ಮೇಲಿದೆ. ಎಲೆಕ್ಟ್ರೋಡಯಾಲಿಸಿಸ್ ಬದುಕಿಕೊಳ್ಳುವುದು ಎರಡೇ ವಿದ್ಯುದ್ವಾರಗಳ ನಡುವೆ ನೂರಾರು ಜೋಡಿ ಪೊರೆಗಳನ್ನು ಇಡುವುದರಿಂದ. ಒಂದೇ ಕರೆಂಟು ಎಲ್ಲ ಕೋಣೆಗಳನ್ನೂ ಹಾದುಹೋಗುತ್ತಾ ಪ್ರತಿಯೊಂದರಲ್ಲೂ ಉಪ್ಪನ್ನು ಸರಿಸುತ್ತದೆ, ಪ್ರತಿ ಜೋಡಿಗೆ ವೋಲ್ಟ್‌ನ ಹತ್ತನೇ ಒಂದು ಭಾಗದಷ್ಟು ಸಾಕು. ಹದಿನಾರರ ಹತ್ತನೇ ಒಂದು ಭಾಗವೆಂದರೆ 1.6. ಸಿಂಗಪುರದ ಒಂದೂವರೆ ಯೂನಿಟ್‌ನ ಗುರಿ ಇದರ ಹತ್ತಿರವೇ ನಿಂತಿದೆ.

ಆದರೆ ವೋಲ್ಟ್‌ನ ಹತ್ತನೇ ಭಾಗದಲ್ಲಿ ಕೆಲಸ ನಡೆಸಬೇಕೆಂದರೆ ಕರೆಂಟು ಮೆಲ್ಲಗೆ ಹರಿಯಬೇಕು. ಮೆಲ್ಲಗೆ ಹರಿದರೆ ಅದೇ ನೀರಿಗೆ ಹೆಚ್ಚು ಪೊರೆ ಬೇಕು. ಅಯಾನು ವಿನಿಮಯ ಪೊರೆ ಆರ್‌ಓ ಪೊರೆಗಿಂತ ಬಹಳ ದುಬಾರಿ. ಇನ್ನೊಂದು ತೊಡಕು ಕೊನೆಯ ಹಂತದ್ದು: ನೀರು ಸಪ್ಪೆಯಾಗುತ್ತಾ ಬಂದಂತೆ ಕರೆಂಟು ಹರಿಯಲು ಅಯಾನುಗಳೇ ಸಾಲುವುದಿಲ್ಲ, ತಡೆ ಏರುತ್ತದೆ, ವಿದ್ಯುತ್ ಶಾಖವಾಗಿ ಪೋಲಾಗುತ್ತದೆ. ಸೀಮೆನ್ಸ್ ಇದಕ್ಕಾಗಿಯೇ ಕೊನೆಯ ಹಂತದ ಕೋಣೆಗಳಲ್ಲಿ ಅಯಾನುಗಳನ್ನು ಸಾಗಿಸಬಲ್ಲ ರಾಳದ ಮಣಿಗಳನ್ನು ತುಂಬಿತು. ಜಾಣ ಪರಿಹಾರ, ಖರ್ಚೂ ಹೆಚ್ಚು. ಆವೇಶವಿಲ್ಲದ್ದನ್ನೂ ಪೊರೆ ದಾಟಲಾರದಷ್ಟು ದೊಡ್ಡದನ್ನೂ ಈ ವಿಧಾನ ಮುಟ್ಟುವುದಿಲ್ಲವೆಂಬುದೂ ಮುಖ್ಯ. ರೋಗಾಣು, ಕೀಟನಾಶಕದ ಅಣು, ಸಮುದ್ರದ ನೀರಿನಲ್ಲಿ ಬಹುಪಾಲು ಆವೇಶವಿಲ್ಲದೆಯೇ ಇರುವ ಬೋರಾನ್, ಎಲ್ಲವೂ ನೀರಿನೊಂದಿಗೇ ಉಳಿಯುತ್ತವೆ. ಆರ್‌ಓದಲ್ಲಿ ಪೊರೆ ದಾಟಿ ಬರುವುದು ನೀರು. ಇಲ್ಲಿ ನೀರು ಏನನ್ನೂ ದಾಟುವುದಿಲ್ಲ. ಶಕ್ತಿಯಲ್ಲಿ ತುಸು ಉಳಿಸಿ, ಕಟ್ಟುವ ವೆಚ್ಚದಲ್ಲಿ ಅದನ್ನು ಕಳೆದುಕೊಂಡು, ಮೇಲೆ ಇನ್ನೊಂದು ಶುದ್ಧೀಕರಣವನ್ನೂ ಹೊರಬೇಕಾದರೆ ಯಾವ ಊರು ತಾನೇ ಅದನ್ನು ಆರಿಸಿಕೊಂಡೀತು? ಸಿಂಗಪುರ ಆರಿಸಿಕೊಳ್ಳದಿದ್ದಕ್ಕೆ ನನಗೆ ಕಾಣುವ ಕಾರಣ ಇದು. ಜಪಾನ್ ಮಾತ್ರ ಸಮುದ್ರದ ಮೇಲೆಯೇ ಈ ಯಂತ್ರವನ್ನು ದೊಡ್ಡದಾಗಿ ದುಡಿಸಿತು, ಗುರಿ ಮಾತ್ರ ಬೇರೆ: 1972ರಿಂದ ಅಲ್ಲಿನ ಅಡುಗೆ ಉಪ್ಪನ್ನು ಇದೇ ವಿಧಾನದಿಂದ ಸಮುದ್ರದ ನೀರನ್ನು ಗಟ್ಟಿ ಮಾಡಿ ತೆಗೆಯುತ್ತಾರೆ. ಉಪ್ಪೇ ಬೇಕಾದವರಿಗೆ ಉಪ್ಪನ್ನು ಎಳೆಯುವುದು ಲಾಭ.

ಪೊರೆಯನ್ನೇ ಬಿಟ್ಟು ವಿದ್ಯುದ್ವಾರವೇ ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿದರೆ? ಅಮೆರಿಕದಲ್ಲಿ 1960ರ ಸುಮಾರಿಗೆ ಹುಟ್ಟಿದ ಈ ಯೋಚನೆಗೆ 1990ರ ದಶಕದಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಇಂಗಾಲದ ಏರೋಜೆಲ್ ಮತ್ತೆ ಜೀವ ಕೊಟ್ಟಿತು. ರಂಧ್ರಮಯ ಇಂಗಾಲದ ಎರಡು ಹಾಳೆಗಳ ನಡುವೆ ನೀರು ಹರಿಸಿ ಒಂದು ವೋಲ್ಟ್‌ನ ಆಸುಪಾಸಿನಲ್ಲಿ ಆವೇಶ ಕೊಟ್ಟರೆ ಅಯಾನುಗಳು ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಹಾಳೆ ತುಂಬಿದ ಮೇಲೆ ಆವೇಶ ತೆಗೆದರೆ ಉಪ್ಪು ಬಿಟ್ಟುಕೊಳ್ಳುತ್ತದೆ, ಹಾಕಿದ ವಿದ್ಯುತ್ತಿನ ಒಂದಂಶ ವಾಪಸ್ ಬರುತ್ತದೆ. ಪಂಪಿನ ಅಬ್ಬರವಿಲ್ಲ, ಒತ್ತಡವಿಲ್ಲ. ಆದರೆ ಸಮುದ್ರದ ನೀರಿಗೆ ಇದು ಹೊಂದುವುದಿಲ್ಲವೆಂದು ಒಂದು ಅಂಕಿ ಹೇಳುತ್ತದೆ. ಒಳ್ಳೆಯ ಇಂಗಾಲವೂ ತನ್ನ ಒಂದು ಗ್ರಾಂಗೆ ಹತ್ತು ಹದಿನೈದು ಮಿಲಿಗ್ರಾಂ ಉಪ್ಪನ್ನಷ್ಟೇ ಹಿಡಿಯುತ್ತದೆ. ಸಾವಿರ ಲೀಟರಿನ ಮೂವತ್ತೈದು ಕಿಲೋ ಉಪ್ಪನ್ನು ಒಮ್ಮೆಗೆ ಹಿಡಿಯಲು ಎರಡು ಟನ್‌ಗೂ ಹೆಚ್ಚು ಇಂಗಾಲ ಬೇಕು. ಅದೇ ಲೀಟರಿಗೆ ಎರಡು ಗ್ರಾಂ ಲವಣವಿರುವ ಸವುಳು ಬಾವಿನೀರಾದರೆ ಕೆಲವು ಹತ್ತು ಕಿಲೋ ಇಂಗಾಲವನ್ನು ನಿಮಿಷಗಳ ಅಂತರದಲ್ಲಿ ತುಂಬಿ, ಬಿಡಿಸಿ, ಮತ್ತೆ ತುಂಬಿ ಕೆಲಸ ತೆಗೆಯಬಹುದು.

ಇಂಗಾಲದ ಮೇಲ್ಮೈ ಸಾಲದೆಂದಾಗ ಬ್ಯಾಟರಿಯ ಪದಾರ್ಥಗಳು ನೆನಪಾದವು. ಬ್ಯಾಟರಿಯಲ್ಲಿ ಅಯಾನುಗಳು ಮೇಲ್ಮೈಗೆ ಅಂಟುವುದಿಲ್ಲ, ಹರಳಿನ ಒಳಗೇ ಹೊಕ್ಕು ಕೂರುತ್ತವೆ. 2012ರಲ್ಲಿ ಮೌರೋ ಪಾಸ್ತಾ, ಯಿ ಕುಯಿ, ಫಾಬಿಯೋ ಲಾ ಮಾಂತಿಯಾ ಮೊದಲಾದವರು ಸೋಡಿಯಂ ಹಿಡಿಯಲು ಮ್ಯಾಂಗನೀಸ್ ಆಕ್ಸೈಡನ್ನೂ ಕ್ಲೋರೈಡ್ ಹಿಡಿಯಲು ಬೆಳ್ಳಿಯನ್ನೂ ಬಳಸಿ ಇಂಥದ್ದೊಂದು ಬ್ಯಾಟರಿಯನ್ನು ತೋರಿಸಿದರು. ಸಮುದ್ರದ ನೀರಿನ ಕಾಲು ಭಾಗ ಉಪ್ಪನ್ನು ತೆಗೆಯಲು ಸಾವಿರ ಲೀಟರಿಗೆ 0.29 ಯೂನಿಟ್. ಈ ಅಂಕಿಯನ್ನು ಆರ್‌ಓದ ಎರಡು ಯೂನಿಟ್ ಪಕ್ಕ ಇಟ್ಟು ಬರೆದ ವರದಿಗಳು ಬಹಳ. ಉಪ್ಪಿನ ಕಾಲು ಭಾಗ ತೆಗೆದ ನೀರಿನಲ್ಲಿ ಲೀಟರಿಗೆ ಇಪ್ಪತ್ತಾರು ಗ್ರಾಂ ಉಳಿದಿರುತ್ತದೆ, ಅದನ್ನು ಯಾರೂ ಕುಡಿಯಲಾರರು. ಸಂಶೋಧಕರು ಇದನ್ನು ಮುಚ್ಚಿಟ್ಟಿರಲಿಲ್ಲ. ಅವರ ಕೆಲಸದ ನಿಜವಾದ ಬೆಲೆ ತೆರೆದ ಬಾಗಿಲಿನಲ್ಲಿದೆ: ಆಮೇಲೆ ಬೆಳ್ಳಿಯ ಬದಲು ಬಿಸ್ಮತ್, ಮ್ಯಾಂಗನೀಸ್ ಬದಲು ಪ್ರಷ್ಯನ್ ಬ್ಲೂ ಬಣ್ಣದ ಕುಲದ ಸಂಯುಕ್ತಗಳು, ಒಂದೇ ಪದಾರ್ಥದ ಎರಡು ವಿದ್ಯುದ್ವಾರಗಳ ನಡುವೆ ಒಂದು ಪೊರೆ, ಹೀಗೆ ಹತ್ತಾರು ಕವಲು ಬೆಳೆದವು. ಸಾವಿರಾರು ಬಾರಿ ತುಂಬಿ ಬಿಡಿಸಿದರೂ ಪುಡಿಯಾಗದ, ಸಮುದ್ರದ ಕೊಳಕಿಗೆ ಹೆದರದ, ಅಗ್ಗದ ಹರಳು ಇವರಿಗೆ ಬೇಕು.

ಶಕ್ತಿ ಒಂದೇ ಅಳತೆಗೋಲಲ್ಲ ಎಂಬುದನ್ನು ತೋರಿಸಿದ್ದು ಎಂಐಟಿಯ ಜೊಂಗ್ಯೂನ್ ಹಾನ್ ಅವರ ತಂಡ. 2022ರಲ್ಲಿ ಅವರು ಸೂಟ್‌ಕೇಸಿನಷ್ಟು ದೊಡ್ಡ, ಹತ್ತು ಕಿಲೋಗಿಂತ ಕಡಿಮೆ ತೂಕದ ಯಂತ್ರವನ್ನು ಕಡಲತೀರಕ್ಕೆ ಒಯ್ದು ಸೌರಫಲಕದಿಂದ ನಡೆಸಿದರು. ಫಿಲ್ಟರ್ ಬದಲಿಸುವ ಗೋಜಿಲ್ಲ, ವಿದ್ಯುತ್ ಕ್ಷೇತ್ರವೇ ಉಪ್ಪನ್ನೂ ರೋಗಾಣುವನ್ನೂ ಪಕ್ಕಕ್ಕೆ ಸರಿಸುತ್ತದೆ. ಗಂಟೆಗೆ ಬರುವುದು ಲೀಟರಿನ ಮೂರನೇ ಒಂದು ಭಾಗದಷ್ಟು, ಲೀಟರ್ ಲೆಕ್ಕದಲ್ಲಿ ಖರ್ಚಾಗುವ ಶಕ್ತಿ ದೊಡ್ಡ ಸ್ಥಾವರಕ್ಕಿಂತ ಎಷ್ಟೋ ಪಟ್ಟು. ಚಂಡಮಾರುತದಲ್ಲಿ ದಾರಿ ತಪ್ಪಿದ ದೋಣಿಯವರಿಗೆ, ನೆರೆಯಲ್ಲಿ ಸಿಕ್ಕ ದ್ವೀಪದವರಿಗೆ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ.

ಗ್ರಾಫೀನ್ ಪೊರೆಯ ಬಗ್ಗೆ ಎರಡು ಮಾತು ಸಾಕು. ಪರಮಾಣು ಒಂದರಷ್ಟೇ ದಪ್ಪದ ಪೊರೆಯಿಂದ ನೀರು ಸಲೀಸಾಗಿ ಹರಿದರೆ ಶಕ್ತಿಯ ಪ್ರಶ್ನೆಯೇ ಮುಗಿಯಿತೆಂದು ಹಲವರು ನಂಬಿದ್ದರು. ಎಂಐಟಿಯಲ್ಲಿ ಈ ಪೊರೆಯ ಲೆಕ್ಕ ಮೊದಲು ಮಾಡಿದ ಡೇವಿಡ್ ಕೊಹೆನ್-ತಾನುಗಿ ತಮ್ಮ ತಂಡದೊಂದಿಗೆ 2014ರಲ್ಲಿ ತಾವೇ ತೋರಿಸಿಕೊಟ್ಟರು: ಪೊರೆ ಮೂರು ಪಟ್ಟು ಸುಲಭವಾಗಿ ನೀರು ಬಿಟ್ಟರೂ ಸಮುದ್ರದ ನೀರಿನಲ್ಲಿ ಉಳಿಯುವ ಶಕ್ತಿ ನೂರಕ್ಕೆ ಹದಿನೈದು ಮಾತ್ರ, ಸವುಳು ನೀರಿನಲ್ಲಾದರೆ ನಲವತ್ತಾರು. ಸಮುದ್ರದಲ್ಲಿ ಖರ್ಚಾಗುತ್ತಿರುವುದು ಪೊರೆಯ ತಡೆಗಲ್ಲ, ಉಪ್ಪಿನ ಸೆಳೆತಕ್ಕೆ. ಮತ್ತೆ ಅದೇ ಗೆರೆ.

ಹಾಗಾದರೆ ಸಮುದ್ರದ ನೀರಿನಲ್ಲಿ ಉಳಿಸಬಹುದಾದ ಶಕ್ತಿ ಎಲ್ಲಿದೆ? ಹೆಚ್ಚಾಗಿ ಪೊರೆಯ ಹೊರಗೆ. ನೀರನ್ನು ಕಡಲಿನಿಂದ ಎತ್ತಿ, ಪಾಚಿ, ಮರಳು, ಜಿಡ್ಡು ತೆಗೆದು, ಸಿಹಿಯಾದ ಮೇಲೆ ಸುಣ್ಣದಂಶ ಸೇರಿಸಿ, ಊರಿಗೆ ಕಳಿಸುವುದಕ್ಕೆ ಸಾವಿರ ಲೀಟರಿಗೆ ಒಂದು ಯೂನಿಟ್‌ಗೂ ಹೆಚ್ಚು ಹೋಗುತ್ತದೆ. ಸಿಂಗಪುರದ ನೀರು ಮಂಡಳಿ ಮೂರೂವರೆಯಿಂದ ಮೊದಲು ಎರಡಕ್ಕೆ, ಮುಂದೆ ಒಂದಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ. ಒಂದು ಯೂನಿಟ್ ಎಂದರೆ ಪ್ರಕೃತಿಯ ಗೆರೆಗೇ ಹೋಗಿ ನಿಂತಂತೆ. ಅದಕ್ಕಾಗಿ ಅವರು ಉಪ್ಪುನೀರಿನಲ್ಲೇ ಬೇರೂರಿ ಬದುಕುವ ಕಾಂಡ್ಲಾ ಗಿಡ ಹೇಗೆ ಉಪ್ಪನ್ನು ಹೊರಗಿಡುತ್ತದೆ ಎಂಬುದನ್ನೂ, ಜೀವಕೋಶದಲ್ಲಿ ನೀರನ್ನು ಮಾತ್ರ ದಾಟಿಸುವ ಅಕ್ವಾಪೊರಿನ್ ಪ್ರೋಟೀನನ್ನೂ ಅಧ್ಯಯನ ಮಾಡಿಸುತ್ತಿದ್ದಾರೆ. ಗುರಿ ದೊಡ್ಡದಾಗಿರಲಿ, ಅದು ಕೈಗೂಡಿದರೂ ಸಮುದ್ರದ ಮಟ್ಟದಲ್ಲಿರುವ ಊರಿಗೆ ಮಾತ್ರ ಪೂರ್ತಿ ಲಾಭ.

ಬೆಂಗಳೂರಿಗೆ ಸಮುದ್ರದ ನೀರನ್ನೇ ಸಿಹಿ ಮಾಡಿ ತರಬಾರದೇಕೆ ಎಂಬ ಮಾತು ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಲೆಕ್ಕ ಸರಳ. ಸಾವಿರ ಲೀಟರ್ ನೀರನ್ನು ಬೆಂಗಳೂರಿನ ಒಂಬೈನೂರು ಮೀಟರ್ ಎತ್ತರಕ್ಕೆ ಏರಿಸಲು ನಷ್ಟವೇ ಇಲ್ಲದ ಪಂಪ್‌ಗೂ ಸುಮಾರು ಎರಡೂವರೆ ಯೂನಿಟ್ ಬೇಕು, ನಿಜವಾದ ಪಂಪ್‌ಗೆ ಮೂರು ದಾಟುತ್ತದೆ. ಘಟ್ಟ ದಾಟಿ ಮುನ್ನೂರು ಕಿಲೋಮೀಟರ್ ಮೀರಿದ ಕೊಳವೆಯ ಉಜ್ಜಾಟ ಬೇರೆ. ಉಪ್ಪು ತೆಗೆಯಲು ಆದಷ್ಟೇ ಎತ್ತುವುದಕ್ಕೂ ಆಗುತ್ತದೆ. ಈಗಿನ ಕಾವೇರಿ ನೀರು ಕೂಡ ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಸುಮಾರು ಐನೂರು ಮೀಟರ್ ಏರಿ ಬರುತ್ತದೆ. ಅದಕ್ಕೆ ತಗಲುವ ಶಕ್ತಿ ಆಧುನಿಕ ಆರ್‌ಓ ಹಂತವೊಂದರ ಹತ್ತಿರವೇ ಇದೆ. ನಲ್ಲಿ ತಿರುಗಿಸಿದಾಗ ಬರುವ ಆ ನೀರನ್ನು ನಾವು ಎಷ್ಟು ಹಗುರವಾಗಿ ಚೆಲ್ಲುತ್ತೇವೆಂದು ಈ ಲೆಕ್ಕ ಮಾಡುವಾಗೆಲ್ಲ ಮನಸ್ಸು ನೋಯುತ್ತದೆ.

ಮಂಗಳೂರಿನ ಪ್ರಶ್ನೆ ಬೇರೆ. ಮಳೆಗಾಲದಲ್ಲಿ ಮೂರು ಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಊರಿನಲ್ಲಿ ಮೇ ತಿಂಗಳಲ್ಲಿ ನೇತ್ರಾವತಿ ಬತ್ತುತ್ತದೆ. 2019ರ ಬೇಸಿಗೆಯಲ್ಲಿ ನೀರಿಲ್ಲದೆ ಅಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ತನ್ನ ಘಟಕಗಳನ್ನು ನಿಲ್ಲಿಸಬೇಕಾಯಿತು. ಆ ಕಂಪನಿ ನಂತರ ತಣ್ಣೀರುಬಾವಿಯ ಕಡಲತೀರದಲ್ಲಿ ದಿನಕ್ಕೆ ಮೂರು ಕೋಟಿ ಲೀಟರ್ ಸಾಮರ್ಥ್ಯದ ಆರ್‌ಓ ಸ್ಥಾವರ ಕಟ್ಟಿಕೊಂಡಿತು. ನದಿಯ ನೀರಿಗಾಗಿ ಊರಿನ ಕೊಡದೊಂದಿಗೆ ಕಾರ್ಖಾನೆ ಪೈಪೋಟಿಗೆ ನಿಲ್ಲದಿರುವುದು ಒಳ್ಳೆಯದೇ. ಸಾವಿರ ಲೀಟರಿಗೆ ಮೂರೂವರೆ ಯೂನಿಟ್ ಎಂದಿಟ್ಟುಕೊಂಡರೆ ಪೂರ್ತಿ ನಡೆದ ದಿನ ಒಂದು ಲಕ್ಷ ಯೂನಿಟ್ ಬೇಕಾದೀತು. ಜತೆಗೆ ಹೆಚ್ಚುಕಡಿಮೆ ಎರಡು ಪಟ್ಟು ಉಪ್ಪಾದ ನೀರು ಕಡಲಿಗೆ ಹೋಗುತ್ತದೆ. ಜಗತ್ತಿನ ಸುಮಾರು ಹದಿನಾರು ಸಾವಿರ ಸ್ಥಾವರಗಳು ದಿನಕ್ಕೆ 95 ಶತಕೋಟಿ ಲೀಟರ್ ಸಿಹಿನೀರು ಕೊಟ್ಟು 142 ಶತಕೋಟಿ ಲೀಟರ್ ಗಟ್ಟಿ ಉಪ್ಪುನೀರು ಬಿಡುತ್ತವೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧಕರು 2019ರಲ್ಲಿ ಅಂದಾಜಿಸಿದ್ದರು. ಅದನ್ನು ಎಲ್ಲಿ, ಎಷ್ಟು ಆಳದಲ್ಲಿ, ಹೇಗೆ ಬೆರೆಸಿ ಬಿಡುತ್ತಾರೆ ಎಂಬುದು ಬಂಗುಡೆ, ಬೂತಾಯಿ ನಂಬಿದ ಮೀನುಗಾರರ ಪ್ರಶ್ನೆ. ಯೂನಿಟ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ, ಕಾಣಬೇಕು.

ಫ್ಯಾರಡೆ ನಿಯಮದಿಂದ ಮಾಡಿದ ಆ ಗುಣಾಕಾರಕ್ಕೆ ಮತ್ತೆ ಹೋಗೋಣ. ವಿದ್ಯುದ್ವಾರದ ವಿಧಾನದಲ್ಲಿ ಖರ್ಚು ಇರುವುದು ತೆಗೆಯಬೇಕಾದ ಉಪ್ಪಿನ ಮೇಲೆ. ಉಪ್ಪು ಕಾಲು ಭಾಗಕ್ಕಿಳಿದರೆ ಖರ್ಚೂ ಹೆಚ್ಚುಕಡಿಮೆ ಕಾಲು ಭಾಗಕ್ಕಿಳಿಯುತ್ತದೆ. ಆರ್‌ಓ ಹಾಗಲ್ಲ, ಉಪ್ಪು ಎಷ್ಟೇ ಕಡಿಮೆಯಿದ್ದರೂ ಅಷ್ಟೂ ನೀರನ್ನು ಪೊರೆಯಿಂದ ಹಿಂಡಲೇಬೇಕು, ಸಣ್ಣ ಘಟಕದಲ್ಲಿ ಒತ್ತಡ ವಾಪಸ್ ಪಡೆಯುವ ಸಾಧನವೂ ಇರುವುದಿಲ್ಲ. ಲೀಟರಿಗೆ 35 ಗ್ರಾಂ ಇದ್ದಲ್ಲಿ ಆರ್‌ಓ ಗೆಲ್ಲುತ್ತದೆ. ಒಂದೆರಡು ಗ್ರಾಂ ಇದ್ದಲ್ಲಿ ವಿದ್ಯುದ್ವಾರ ಗೆಲ್ಲುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಕರಗಿದ ಲವಣ ಮೀರಬಾರದು, ಬೇರೆ ನೀರಿಲ್ಲದ ಕಡೆ ಎರಡು ಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಸಮಸ್ಯೆ ಇದೇ ಅಳತೆಯದು: ತುಸು ಸವುಳು, ಮೇಲೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್. ಫ್ಲೋರೈಡ್ ಕೂಡ ಅಯಾನೇ, ನೈಟ್ರೇಟೂ ಅಯಾನೇ. ಎರಡೂ ವಿದ್ಯುದ್ವಾರದ ಸೆಳೆತಕ್ಕೆ ಸಿಕ್ಕುತ್ತವೆ. ನನ್ನ ವಾದ ಇದು: ಸಮುದ್ರಕ್ಕೆಂದು ಹೊರಟ ಈ ತಂತ್ರಜ್ಞಾನದ ಸರಿಯಾದ ಜಾಗ ನಮ್ಮ ಬಯಲುಸೀಮೆ.

ಇದು ಬರೀ ಊಹೆಯಲ್ಲ. ಎಂಐಟಿಯ ನತಾಶಾ ರೈಟ್ ಮತ್ತು ಅಮೋಸ್ ವಿಂಟರ್ 2014ರಲ್ಲಿ ಭಾರತದ ಹಳ್ಳಿಗಳ ಅಂತರ್ಜಲವನ್ನೇ ಮುಂದಿಟ್ಟುಕೊಂಡು ಎರಡು ವಿಧಾನಗಳನ್ನು ತೂಗಿ ನೋಡಿ ಸವುಳು ಕಡಿಮೆಯಿದ್ದಷ್ಟೂ ಎಲೆಕ್ಟ್ರೋಡಯಾಲಿಸಿಸ್ ಶಕ್ತಿಯನ್ನೂ ನೀರನ್ನೂ ಹೆಚ್ಚು ಉಳಿಸುತ್ತದೆಂದು ತೋರಿಸಿದರು. ಮರುವರ್ಷ ಎಂಐಟಿ ಮತ್ತು ಜೈನ್ ಇರಿಗೇಷನ್ ಸೇರಿ ಮಾಡಿದ ಸೌರಶಕ್ತಿಯ ಘಟಕಕ್ಕೆ ಅಮೆರಿಕದ ನೆರವು ಸಂಸ್ಥೆಯ ಡೀಸಾಲ್ ಪ್ರಶಸ್ತಿ ಬಂತು. ತೆಲಂಗಾಣದ ಚೆಲ್ಲೂರಿನಲ್ಲಿ ಅದರ ಪ್ರಯೋಗ ನಡೆಯಿತು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ದಶಕಗಳಿಂದ ದೇಶೀಯ ಅಯಾನು ವಿನಿಮಯ ಪೊರೆಗಳನ್ನು ತಯಾರಿಸುತ್ತಾ ಬಂದಿದೆ. ವಿದ್ಯುತ್ತಿನ ದಿಕ್ಕನ್ನು ಆಗಾಗ ಅದಲುಬದಲು ಮಾಡಿ ಪೊರೆಗೆ ಕಟ್ಟಿದ ಸುಣ್ಣದ ಪದರವನ್ನು ತಾನಾಗಿ ಕಳಚಿಸುವ ಉಪಾಯ 1970ರ ದಶಕದಿಂದಲೂ ಬಳಕೆಯಲ್ಲಿದೆ. ಗಡಸು ನೀರಿನ ನಮ್ಮ ಬಾವಿಗಳಿಗೆ ಅದು ವರವೇ ಸರಿ. ಸೌರಫಲಕ ಕೊಡುವುದು ನೇರ ವಿದ್ಯುತ್, ಈ ಯಂತ್ರಕ್ಕೆ ಬೇಕಾದದ್ದೂ ನೇರ ವಿದ್ಯುತ್. ಎರಡು ಸಾವಿರ ಮೆಗಾವಾಟ್ ಮೀರಿದ ಸೌರ ಪಾರ್ಕ್ ಇರುವುದು ಫ್ಲೋರೈಡಿಗೆ ಹೆಸರಾದ ಅದೇ ಪಾವಗಡದಲ್ಲಿ.

ತೊಡಕುಗಳಿಲ್ಲವೆಂದಲ್ಲ. ಪೊರೆ ದುಬಾರಿ. ರೋಗಾಣು ಕೊಲ್ಲಲು ನೇರಳಾತೀತ ದೀಪವೋ ಕ್ಲೋರಿನ್ನೋ ಜತೆಗಿರಬೇಕು. ಹಳ್ಳಿಯ ಘಟಕ ಕೆಟ್ಟರೆ ಬಂದು ನೋಡುವವರು ಆರ್‌ಓಗೇ ಸರಿಯಾಗಿ ಸಿಗುವುದಿಲ್ಲ, ಹೊಸ ಯಂತ್ರಕ್ಕೆ ಯಾರು ಬಂದಾರು ಎಂಬ ಪ್ರಶ್ನೆ ಸಣ್ಣದಲ್ಲ. ರಾಜ್ಯದ ಹಳ್ಳಿಗಳಲ್ಲಿರುವ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಕೆಟ್ಟು ನಿಂತವುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂತ್ರಜ್ಞಾನ ಬದಲಿಸುವ ಮೊದಲು ತರಬೇತಾದ ಕೈಗಳನ್ನು ತಾಲ್ಲೂಕಿಗೊಂದಾದರೂ ಇಡಬೇಕು.

ಆದರೆ ನಡೆಯುತ್ತಿರುವ ಘಟಕದ ಹಿಂಬದಿಯಲ್ಲಿ ಹರಿಯುವ ನೀರನ್ನೂ ನೋಡಬೇಕು. ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಫಿಲ್ಟರ್ ನೀರಿನ ಹಿಂದೆ, ಪೊರೆ ದಾಟದ ನೀರು ಹಲವು ಕಡೆ ನೇರ ಚರಂಡಿಗೆ ಹೋಗುತ್ತದೆ, ತುಂಬಿಕೊಂಡಷ್ಟೇ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಎರಡು ಸಾವಿರ ಜನರ ಒಂದು ಹಳ್ಳಿ, ತಲೆಗೆ ದಿನಕ್ಕೆ ಹತ್ತು ಲೀಟರ್ ಎಂದುಕೊಂಡರೆ ಬೇಕಾದದ್ದು ಇಪ್ಪತ್ತು ಸಾವಿರ ಲೀಟರ್. ಅರ್ಧ ಚೆಲ್ಲುವ ಆರ್‌ಓ ಇದಕ್ಕಾಗಿ ಕೊಳವೆಬಾವಿಯಿಂದ ನಲವತ್ತು ಸಾವಿರ ಲೀಟರ್ ಎತ್ತುತ್ತದೆ. ನೂರಕ್ಕೆ ಎಂಬತ್ತನ್ನು ಉಳಿಸಿಕೊಳ್ಳುವ ಎಲೆಕ್ಟ್ರೋಡಯಾಲಿಸಿಸ್‌ಗೆ ಇಪ್ಪತ್ತೈದು ಸಾವಿರ ಸಾಕು. ಸಾವಿರ ಅಡಿ ಕೊರೆದರೂ ನೀರು ಸಿಗುವುದು ಕಷ್ಟವಾಗಿರುವ ತಾಲ್ಲೂಕಿನಲ್ಲಿ ಒಂದೇ ಹಳ್ಳಿಯ ಬಾವಿಯಿಂದ ದಿನಕ್ಕೆ ಹದಿನೈದು ಸಾವಿರ ಲೀಟರ್, ವರ್ಷಕ್ಕೆ ಐವತ್ತು ಲಕ್ಷ ಲೀಟರಿಗೂ ಮೀರಿ ನೀರು ಮೇಲೆತ್ತದೆ ನೆಲದೊಳಗೇ ಉಳಿಯುತ್ತದೆ.